ಬಿದ್ದವರನ್ನು ದಾಟದ ಮನೆ

ಮನೆ ನೋಡಲು ಹೋದವರು ಗೋಡೆ ತಟ್ಟುತ್ತಾರೆ, ನಲ್ಲಿ ತಿರುಗಿಸುತ್ತಾರೆ, ಬಾಡಿಗೆ ಕೇಳಿ ಮುಖ ಸಣ್ಣದು ಮಾಡುತ್ತಾರೆ. ನನ್ನ ಮಾತು ಕೇಳುವುದಾದರೆ, ಅಲ್ಲಿ ಈಗ ಇರುವವರು ಹೇಗೆ ನಡೆಯುತ್ತಾರೆ ಎಂಬುದನ್ನು ಮೊದಲು ನೋಡಿ. ನೇರ ದಾರಿ ಇದ್ದೂ ಸುತ್ತು ಹಾಕಿ ಹೋಗುತ್ತಿದ್ದರೆ ಆ ಜಾಗದಲ್ಲಿ ಏನೋ ಇದೆ ಎಂದೇ ಅರ್ಥ. ನೆಲ ಕುಸಿದಿರಬಹುದು, ಸೂರು ಸೋರುತ್ತಿರಬಹುದು, ಅಥವಾ ಬಾಯಿಬಿಟ್ಟು ಹೇಳಲಾಗದ್ದು ಇನ್ನೇನೋ ಇರಬಹುದು. ಬಟ್ಟೆ ವ್ಯಾಪಾರಕ್ಕೆ ಇಳಿದ ಮೇಲೆ ಎಷ್ಟೋ ಗೋದಾಮುಗಳನ್ನು ನಾನು ಹೀಗೆಯೇ ಪರೀಕ್ಷೆ ಮಾಡಿ ಹಿಡಿದಿದ್ದೇನೆ, ಮೋಸ ಹೋಗಿಲ್ಲ. ಈ ಜಾಣತನವನ್ನು ನನಗೆ ಯಾರೂ ಹೇಳಿಕೊಟ್ಟದ್ದಲ್ಲ. ಕೊಲ್ಹಾಪುರದ ಹತ್ತಿರದ ಮಗ್ಗಗಳ ಊರು ಇಚಲಕರಂಜಿಯ ನಮ್ಮ ಮನೆಯಲ್ಲಿ ಒಂದು ಕಾಲಕ್ಕೆ ನಾವೇ ಹಾಗೆ ನಡೆಯುತ್ತಿದ್ದೆವು.

ಮನೆ ಎಂದರೆ ಪವರ್‌ಲೂಮ್ ಶೆಡ್ಡಿನ ಬೆನ್ನಿಗೆ ಅಂಟಿಸಿದ ಒಂದು ಉದ್ದನೆಯ ಕೋಣೆ. ಒಂದು ತುದಿಗೆ ಒಲೆ, ಇನ್ನೊಂದು ತುದಿಗೆ ಹೊಸ್ತಿಲು, ನಡುವೆ ನಮ್ಮ ಸಂಸಾರವೆಲ್ಲ. ಗೋಡೆಯಾಚೆ ಮಗ್ಗಗಳು ಹಗಲೂ ಇರುಳೂ ಬಡಿಯುತ್ತಿದ್ದವು. ಗೋಡೆಗೆ ತೂಗುಹಾಕಿದ ಕನ್ನಡಿ ಸದಾ ನಡುಗುತ್ತಿದ್ದುದರಿಂದ ನಾನು ನನ್ನ ಮುಖವನ್ನು ನೆಟ್ಟಗೆ ಕಂಡದ್ದೇ ವಾರದ ಲೈಟ್ ಸುಟ್ಟಿಯ ದಿನ. ಅಂದು ಕರೆಂಟ್ ಇರುತ್ತಿರಲಿಲ್ಲ, ಇಡೀ ಊರಿನ ಮಗ್ಗಗಳು ನಿಲ್ಲುತ್ತಿದ್ದವು, ಆ ಮೌನಕ್ಕೆ ನಮ್ಮ ಕಿವಿ ನೋಯುತ್ತಿತ್ತು. ಅಪ್ಪ ಮತ್ತು ಅವನ ತಮ್ಮ ಭೀಮಸಿ ಕಾಕಾ ಇಬ್ಬರೂ ಅದೇ ಶೆಡ್ಡಿನಲ್ಲಿ ಪಾಳಿಯ ಮೇಲೆ ದುಡಿಯುವವರು. ಒಬ್ಬನದು ಹಗಲು, ಒಬ್ಬನದು ರಾತ್ರಿ. ಹೀಗಾಗಿ ಯಾವ ಹೊತ್ತಿನಲ್ಲಿ ನೋಡಿದರೂ ಮನೆಯ ನೆಲದ ಮೇಲೆ ಒಬ್ಬ ಗಂಡಸು ಮಲಗಿಯೇ ಇರುತ್ತಿದ್ದ. ಮಲಗಿದವರನ್ನು ದಾಟಬಾರದು. ಗೊತ್ತಿಲ್ಲದೆ ದಾಟಿದರೆ ಹೊಳ್ಳಿ, ಅಂದರೆ ಬಂದ ಕಡೆಗೇ ಹಿಂದಿರುಗಿ, ದಾಟಬೇಕು, ಇಲ್ಲವಾದರೆ ಅವರ ಆಯುಷ್ಯ ನಮ್ಮ ಕಾಲಿಗೆ ಅಂಟಿಕೊಂಡು ಬರುತ್ತದೆ ಎನ್ನುತ್ತಿದ್ದಳು ಆಯಿ, ಅಂದರೆ ಅಪ್ಪನ ತಾಯಿ. ದುಡಿದು ಮಲಗಿದವನನ್ನು ಎಬ್ಬಿಸುವುದಂತೂ ಅದಕ್ಕಿಂತ ದೊಡ್ಡ ಪಾಪ. ಆ ಗದ್ದಲದಲ್ಲಿ ನಿದ್ದೆ ಹತ್ತುವುದೇ ಕಷ್ಟ, ಹತ್ತಿದ ನಿದ್ದೆಯನ್ನು ಕೆಡಿಸಿದವರಿಗೆ ಊಟವಿಲ್ಲ. ನನ್ನ ತಮ್ಮ ಮಾದೇವ ಅಂಬೆಗಾಲಿಡುವಾಗಲೇ ಮಲಗಿದವರ ತಲೆಯ ಕಡೆಯಿಂದ ಬಳಸಿಕೊಂಡು ಹೋಗುವುದನ್ನು ಕಲಿತಿದ್ದ.

ಕೋಣೆಗೆ ಶಹಾಬಾದಿ ಫರ್ಸಿಕಲ್ಲು ಹಾಸಿತ್ತು. ಚೌಕ ಚೌಕದ ಆ ಕಲ್ಲುಗಳನ್ನು ನೋಡಿಯೇ ಭೀಮಸಿ ಕಾಕಾನಿಗೆ ಆಟ ಹೊಳೆದಿರಬೇಕು. ಲೈಟ್ ಸುಟ್ಟಿಯ ದಿನ ಮಧ್ಯಾಹ್ನ ಝುಣಕ, ರೊಟ್ಟಿ ಉಂಡು ಕೈ ಒರೆಸಿಕೊಳ್ಳುತ್ತ, ಇಡೀ ಕೋಣೆ ಒಂದು ಕೋಟೆ ಎಂದು ಸಾರುತ್ತಿದ್ದ. ಒಂದೊಂದು ಕಲ್ಲು ಒಂದೊಂದು ಮನೆ. ಕಾಂಡಿಗಳು, ಅಂದರೆ ನೂಲು ಮುಗಿದು ಬರಿದಾದ ಮಗ್ಗದ ಕಡ್ಡಿಗಳು, ನಮ್ಮ ದಂಡು, ಇದ್ದಲಿ ಚೂರುಗಳು ವೈರಿಗಳು. ಪ್ರತಿಯೊಬ್ಬರೂ ತಮ್ಮ ಕಾಂಡಿಗೆ ಒಂದು ಬಣ್ಣದ ನೂಲು ಸುತ್ತಿ, ಹೆಸರಿಟ್ಟು, ಆಟ ಮುಗಿಯುವ ತನಕ ಆ ಮನುಷ್ಯನೇ ಆಗಿ ಮಾತಾಡಬೇಕು. ನಾನು ಬಳೆಗಾರ್ತಿಯ ವೇಷದಲ್ಲಿದ್ದ ಬೇಹಿನವಳು. ಮಾದೇವ ಈಟಿ ಹಿಡಿದ ಕುರುಬ. ಮದುವೆಯಾಗಿ ಬಂದು ಇನ್ನೂ ಕೈಬಳೆಯ ಹಸಿರು ಮಾಸದಿದ್ದ ಕಸ್ತೂರಿ ಕಾಕು, ಭೀಮಸಿ ಕಾಕಾನ ಹೆಂಡತಿ, ಒಲೆಯ ಹತ್ತಿರ ಕೂತೇ ಆಡುತ್ತಿದ್ದಳು. ಅವಳ ಕಾಂಡಿಗೆ ಕೆಂಪು ನೂಲು, ಅವಳು ಕುದುರೆ ಸವಾರ. ಕಾಕಾನಿಗೆ ಕಾಂಡಿ ಇರಲಿಲ್ಲ. ಅವನು ಕತೆ ಹೇಳುವವನು.

“ಬಾಗಲಾ ತೆರದ್ರಿ. ಒಳಗ ಅಗದಿ ಕತ್ತಲಿ. ಯಾರೋ ಉಸರಾಡಾಕತ್ಯಾರ. ಏನ್ ಮಾಡ್ತಿ, ಬಳಿಗಾರ್ತಿ?”

“ಎಷ್ಟ್ ಮಂದಿ ಅದಾರಂತ ಮೊದಲ ಹೇಳು ಕಾಕಾ. ಆಮ್ಯಾಲ ಒಳಗ ಹೋಗೂದೋ ಬಿಡೂದೋ ನೋಡತೇನಿ.”

“ಕತ್ತಲ್ಯಾಗ ಹೆಂಗ ಎಣಸ್ತಿ ಬೇ? ಕವಡಿ ಹಾಕು.”

ಕವಡೆ ಎಷ್ಟು ಅಂಗಾತ ಬಿದ್ದರೆ ಅಷ್ಟು ಮನೆ ನಡೆಯಬೇಕು. ಮೊದಮೊದಲು ಸತ್ತ ಕಾಂಡಿಯನ್ನು ಎತ್ತಿ ಡಬ್ಬಿಗೆ ಹಾಕಿಬಿಡುತ್ತಿದ್ದೆವು. ಜಪಮಣಿ ಹಿಡಿದು ಗೋಡೆಗೆ ಒರಗಿ, ಕೇಳಿಸಿಕೊಳ್ಳದಂತೆ ಕೇಳಿಸಿಕೊಳ್ಳುತ್ತಿದ್ದ ಆಯಿಗೆ ಅದು ಸಹಿಸಲಿಲ್ಲ.

“ಅಲ್ಲೋ ಭೀಮ್ಯಾ, ರಣದಾಗ ಬಿದ್ದಾಂವ ಬಿದ್ದಲ್ಲೇ ಇರತಾನೋ, ಹಾರಿ ಡಬ್ಬ್ಯಾಗ ಹೋಗಿ ಕುಂದರತಾನೋ?”

ಅಂದಿನಿಂದ ಬಿದ್ದವನು ಬಿದ್ದ ಕಲ್ಲಿನ ಮೇಲೆಯೇ ಅಡ್ಡಡ್ಡ ಇರಬೇಕಾಯಿತು. ಮರುಕ್ಷಣವೇ ನಾನು ಅವಸರದಲ್ಲಿ ನನ್ನ ಬಳೆಗಾರ್ತಿಯನ್ನು ಬಿದ್ದ ಕುರುಬನ ಮೇಲಿಂದ ಹಾಯಿಸಿದೆ. ಆಯಿಯ ಜಪ ನಿಂತಿತು. “ಹೊಳ್ಳಿ ದಾಟು!” ಎಂದು ಅವಳು ಕೂಗಿದ್ದಕ್ಕೆ, ಮಲಗಿದ್ದ ಅಪ್ಪನೇ ಎದ್ದು ಕೂತ. ಹೀಗೆ ಮನೆಯ ಕಾಯಿದೆ ಆಟಕ್ಕೆ ಬಂತು. ಬಿದ್ದವನ ಕಲ್ಲು ಅವನದೇ. ಮಿತ್ರನಿರಲಿ ವೈರಿಯಿರಲಿ, ಅದನ್ನು ದಾಟುವಂತಿಲ್ಲ, ಸುತ್ತು ಹಾಕಬೇಕು. ಸುತ್ತಲು ಜಾಗವಿಲ್ಲದ ಸಂದಿಯಲ್ಲಿ ಯಾರಾದರೂ ಬಿದ್ದರೆ ಆ ದಾರಿಯೇ ಬಂದ್. ಕಾಕಾ ಅದಕ್ಕೆ ಇನ್ನೊಂದು ಮಾತು ಸೇರಿಸಿದ. ಬಿದ್ದವನ ಕಡೆಯವರೇ ಬಂದು, ಆಯುಧ ಕೆಳಗಿಟ್ಟು, ಅವನನ್ನು ಹೆಗಲಿಗೆ ಹಾಕಿಕೊಂಡು ಹೊಸ್ತಿಲ ತನಕ ಒಯ್ದರೆ ಕಲ್ಲು ಬಿಡುಗಡೆಯಾಗುತ್ತದೆ. ಹೊತ್ತವನಿಗೆ ಅರ್ಧ ನಡಿಗೆ ಮಾತ್ರ. ಪರರು ಎತ್ತಿದರೆ ಅದು ಲೆಕ್ಕಕ್ಕಿಲ್ಲ. ನಾನು ಚೌಕಾಶಿ ಕಲಿತದ್ದು ಈ ಕಾಯಿದೆಯ ಮೇಲೆಯೇ. ಬಿದ್ದವನು ಹುಡುಗನಾದರೆ ಅರ್ಧ ಯಾಕೆ, ಮುಕ್ಕಾಲು ಕೊಡು ಎಂದು ಜಗ್ಗಾಡುತ್ತಿದ್ದೆ. ಕಸ್ತೂರಿ ಕಾಕು ಜಗ್ಗಾಡುತ್ತಿದ್ದುದು ಒಂದೇ ವಿಷಯಕ್ಕೆ.

“ಕುದುರಿ ಜಿಗಿತೈತ್ರಿ. ದಾಟಬಾರದಂತ ಅದಕ್ಕೇನ್ ಗೊತ್ತು?”

“ಕುದುರಿಗಿ ಗೊತ್ತಿಲ್ಲ, ಖರೇ. ಮ್ಯಾಲ ಕುಂತಾಕಿಗಿ ಗೊತ್ತೈತೆಲ್ಲ,” ಎನ್ನುತ್ತಿದ್ದ ಕಾಕಾ, ಅವಳನ್ನು ನೋಡದೆ ಕವಡೆಗಳನ್ನೇ ನೋಡುತ್ತ. ಅವಳು ಸೆರಗು ಬಾಯಿಗೊತ್ತಿಕೊಂಡು ಒಲೆಯ ಕಡೆ ತಿರುಗುತ್ತಿದ್ದಳು. ಅವರಿಬ್ಬರ ಸಂಸಾರವನ್ನು ನಾನು ಕಂಡದ್ದು ಅಷ್ಟೇ. ಒಂದೇ ಕೋಣೆಯ ಮನೆಯಲ್ಲಿ ಹೊಸ ಜೋಡಿಗೆ ಮಾತಾಡಲು ಎಲ್ಲರ ನಡುವಿನ ಆಟವಲ್ಲದೆ ಬೇರೆ ಜಾಗ ಎಲ್ಲಿತ್ತು?

ಆ ದಿನವೂ ಲೈಟ್ ಸುಟ್ಟಿ. ಹಿಂದಿನ ಹಗಲು ಬದಲಿ ಆಳು ಬಾರದ್ದರಿಂದ ಕಾಕಾ ಎರಡೂ ಪಾಳಿ ನಿಂತು ದುಡಿದಿದ್ದ. ಆಟ ಅರ್ಧಕ್ಕೆ ಬಂದಿತ್ತು, ನಾವು ಕೋಟೆಯ ಒಳಬಾಗಿಲು ಮುಟ್ಟಿದ್ದೆವು. “ಒಂದ್ ಗಳಿಗಿ ಬೆನ್ನ ಹಚ್ಚತೇನಿ, ಯಾರೂ ಕಾಂಡಿ ಸರಸಬ್ಯಾಡ್ರಿ,” ಎಂದು ಅಲ್ಲೇ, ಕೋಣೆಯ ನಟ್ಟನಡುವಿನ ಫರ್ಸಿಯ ಮೇಲೆ ಉರುಳಿಕೊಂಡ. ನಾನೂ ಮಾದೇವನೂ ಹೊರಗೆ ಓಣಿಗೆ ಓಡಿದೆವು. ಅವ್ವ ಬಟ್ಟೆ ಒಗೆಯಲು ಹೋಗಿದ್ದಳು, ಅಪ್ಪ ಪೇಟೆಗೆ. ಮನೆಯಲ್ಲಿ ಆಯಿ ಮತ್ತು ಕಾಕು ಮಾತ್ರ ಇದ್ದರು. ಹಿಟ್ಟು ತರಲು, ನೀರು ತರಲು, ಸೌದೆ ತರಲು ಅವರು ಒಲೆಗೂ ಹೊಸ್ತಿಲಿಗೂ ಓಡಾಡಿದರು, ಕಾಕಾನನ್ನು ಬಳಸಿಕೊಂಡು, ಬಳೆ ಸದ್ದು ಮಾಡದೆ, ನಮ್ಮ ಮನೆಯ ಹೆಂಗಸರು ಹೇಗೆ ನಡೆಯಬೇಕೋ ಹಾಗೆ. ಇಳಿಹೊತ್ತಿಗೆ ಶೆಡ್ಡಿನ ಗೆಳೆಯನೊಬ್ಬ ಬಾಗಿಲಲ್ಲಿ ನಿಂತು ಮರಾಠಿಯಲ್ಲಿ ಕರೆದ.

“ಅರೇ ಭೀಮ್ಯಾ, ಊಠ್ ಕೀ! ಕಿತೀ ಝೋಪ್‌ತೋಸ್?”

ಏಳೋ, ಎಷ್ಟು ನಿದ್ದೆ ಮಾಡುತ್ತೀ ಎಂದು ನಗುತ್ತಲೇ ಒಳಗೆ ಬಂದು ಭುಜ ಮುಟ್ಟಿದವನು ಕೈ ಹಿಂದಕ್ಕೆಳೆದುಕೊಂಡ. ಆಮೇಲೆ ಓಣಿಯ ಗಂಡಸರು ನುಗ್ಗಿದರು. ಕಾಂಡಿಗಳು ಅವರ ಕಾಲಡಿಯಲ್ಲಿ ಉರುಳಿದವು. ಯಾರೋ ತಲೆ, ಯಾರೋ ಕಾಲು ಹಿಡಿದು ಕೈಗಾಡಿಗೆ ಹಾಕಿ ಓಡಿದರು. ಜೀವ ಹೋಗಿ ಬಹಳ ಹೊತ್ತಾಗಿದೆ, ಎದೆ ನಿಂತಿದೆ ಎಂದರಂತೆ ಡಾಕ್ಟರು. ಕಾರಣ ಗೊತ್ತಾಗಬೇಕೆಂದು ಕೊಲ್ಹಾಪುರಕ್ಕೆ ಕಳಿಸಿದರು. ಅಲ್ಲಿ ಕೊಯ್ದು ಹೊಲಿದು ಕೊಟ್ಟ ದೇಹವನ್ನು ಮನೆಗೆ ತರುವ ಸ್ಥಿತಿ ಇರಲಿಲ್ಲ, ಅಪ್ಪ ನೇರ ಮಣ್ಣಿಗೆ ಒಯ್ದ. ನಮ್ಮಲ್ಲಿ ಹೆಂಗಸರು ಮಣ್ಣಿಗೆ ಹೋಗುವುದಿಲ್ಲ. ಆಯಿಯಾಗಲಿ ಕಾಕುವಾಗಲಿ ಅವನನ್ನು ಮತ್ತೆ ಕಾಣಲಿಲ್ಲ. ಅವರು ಕೊನೆಗೆ ಕಂಡದ್ದು ಆ ಫರ್ಸಿಯ ಮೇಲೆ ಮಲಗಿದ್ದ ಕಾಕಾನನ್ನು.

ಮರುದಿನ ಬೆಳಿಗ್ಗೆ ಅವ್ವ ನೀರಿನ ಕೊಡ ಹೊತ್ತು ಒಳಗೆ ಬಂದವಳು ನಡುವಿನ ಕಲ್ಲಿನ ಹತ್ತಿರ ಬಂದು, ಬಲಕ್ಕೆ ಬಳಸಿ, ಒಲೆಯ ಕಡೆ ಹೋದಳು. ಯಾರೂ ಅವಳಿಗೆ ಹೇಳಿರಲಿಲ್ಲ. ಆಮೇಲೆ ಅಪ್ಪ ಬಳಸಿದ, ನಾವು ಬಳಸಿದೆವು. ದುಃಖದ ಮನೆಯಲ್ಲಿ ಮೊದಲ ದಿನಗಳಲ್ಲಿ ಮಾಡಿದ್ದೆಲ್ಲ ರೂಢಿಯಾಗಿ ಗಟ್ಟಿಯಾಗಿಬಿಡುತ್ತದೆ. ಆದ್ದರಿಂದ ನಿಮಗೊಂದು ಮಾತು: ಆ ದಿನಗಳಲ್ಲಿ ಏನು ಮಾಡುತ್ತಿದ್ದೀರಿ ಎಂದು ಒಬ್ಬರಾದರೂ ಎಚ್ಚರದಿಂದ ನೋಡಿಕೊಳ್ಳಿ. ನಮ್ಮಲ್ಲಿ ಯಾರೂ ನೋಡಿಕೊಳ್ಳಲಿಲ್ಲ. ಆ ಕಲ್ಲನ್ನು ಅವ್ವ ಸಾರಿಸುವಾಗ ಅಂಚಿನಿಂದ ಕೈ ಚಾಚಿ ಒರೆಸುತ್ತಿದ್ದಳು. ಬೆಕ್ಕು ಅಲ್ಲಿ ಮುದುಡಿಕೊಂಡರೆ ಆಯಿ ಕೋಲು ಎತ್ತುತ್ತಿದ್ದಳು. ಒಮ್ಮೆ ನೂಲಿನ ದಲಾಲಿಯೊಬ್ಬ ಅಪ್ಪನನ್ನು ಕೇಳಿಕೊಂಡು ಬಂದು ನೇರವಾಗಿ ನಡೆದುಬಿಟ್ಟ. “ಹೊಳ್ಳಿ ದಾಟ್ರಿ! ಹೊಳ್ಳಿ ದಾಟ್ರಿ ಅಂತೇನಿ!” ಎಂದು ಆಯಿ ಎದ್ದು ನಿಂತಳು. ಆ ದಪ್ಪ ಮನುಷ್ಯ ಏನೂ ತಿಳಿಯದೆ, ಧೋತರ ಎತ್ತಿ ಹಿಮ್ಮುಖವಾಗಿ ಹಾರಿದ. ಮಾದೇವನಿಗೆ ನಗು ಬಂತು. ನಗು ಅರ್ಧಕ್ಕೆ ನಿಂತಿತು, ಯಾಕೆಂದರೆ ಆ ಹೊತ್ತಿಗೆ ಕಸ್ತೂರಿ ಕಾಕು ಕಲ್ಲನ್ನೇ ನೋಡುತ್ತಿದ್ದಳು, ಯಾರಿಗೋ ಪೆಟ್ಟಾಯಿತೇ ಎನ್ನುವ ಹಾಗೆ. ಮಗ್ಗಗಳು ಬಡಿಯುತ್ತಿರುವಾಗ ಹೇಗೋ ನಡೆಯುತ್ತಿತ್ತು. ಲೈಟ್ ಸುಟ್ಟಿಯ ದಿನ ಸದ್ದು ನಿಂತೊಡನೆ ನಾವೆಲ್ಲ ಕೋಣೆಯ ನಡುವೆ ಕಿವಿಗೊಡುತ್ತಿದ್ದೆವು. ಉಸಿರು ಕೇಳಿಸುತ್ತಿತ್ತು. ನಮ್ಮದೇ ಉಸಿರು ಎಂದು ನನಗೆ ಈಗ ಗೊತ್ತು. ಆಗ ಗೊತ್ತಿರಲಿಲ್ಲ.

ಕಾಕು ಆ ಕಲ್ಲಿನ ಪಕ್ಕದಲ್ಲೇ ಚಾಪೆ ಹಾಸುತ್ತಿದ್ದಳು. ದಿನದಿಂದ ದಿನಕ್ಕೆ ತೆಳ್ಳಗಾದಳು, ಮಾತು ಬಿಟ್ಟಳು. ತವರೂರು ಹಲಕರ್ಣಿಯಿಂದ ಅವಳ ಅಣ್ಣ ರಾಮಣ್ಣ ಬಂದ, ಕಬ್ಬಿನ ಗದ್ದೆಯಲ್ಲಿ ದುಡಿದು ಕರ್ರಗಾದ, ಕಡಿಮೆ ಮಾತಿನ ಮನುಷ್ಯ. ಗಡಹಿಂಗ್ಲಜದಲ್ಲಿ ಹೊಲಿಗೆ ಕಲಿಸುವ ಹೆಂಗಸೊಬ್ಬಳಿದ್ದಾಳೆ, ತಂಗಿಯನ್ನು ಅಲ್ಲಿಡುತ್ತೇನೆ, ಅವಳ ಕೈಗೊಂದು ಕೆಲಸವಾಗಲಿ ಎಂದ. ಆಯಿ ಅವನಿಗೆ ಚಹಾ ಕೊಡಿಸಿದಳು, ಕುಶಲ ಕೇಳಿದಳು, ಆಮೇಲೆ ಅಂದಳು:

“ಗಂಡ ಇಲ್ಲೇ ಮಲಗ್ಯಾನ. ಆಕಿನ್ನ ಎಲ್ಲಿಗಿ ಒಯ್ತೀಪಾ?”

“ಯವ್ವಾ, ಅಂವ ಹೋಗ್ಯಾನ. ಮಣ್ಣಾಗೇತಿ.”

“ಯಾರ್ ಎತ್ತಿದ್ರು ಅವನ್ನ? ನಾ ಎತ್ತಿದ್ನೇನ? ಈಕಿ ಎತ್ತಿದ್ಲೇನ? ಮಂದಿ ಎತ್ತಿ ಗಾಡ್ಯಾಗ ಒಗದ್ರು. ನಮ್ಮಾವ್ರು ಎತ್ತೂತನಾ ಅಂವ ಏಳಂಗಿಲ್ಲ.” ಕಾಕುವಿನ ಕಡೆ ನೋಡದೆ, “ಮಗ್ಗಲದಾಗ ಓಡ್ಯಾಡಿದಾಕಿ ಒಂದ್ ಸಲಾ ಕೈ ಹಚ್ಚಿ ನೋಡಿದ್ರ ಇದೆಲ್ಲಾ ಆಗತಿದ್ದಿಲ್ಲ,” ಎಂದಳು.

ಕಾಕು ಎದ್ದು ಗೋಡೆಗೆ ಮುಖ ಮಾಡಿ ನಿಂತಳು. ರಾಮಣ್ಣ ಬರಿಗೈಯಲ್ಲಿ ಹೋದ. ಮತ್ತೆ ಬಂದ, ಮತ್ತೆ ಹಾಗೆಯೇ ಹೋದ. ಅಪ್ಪ ಆಯಿಗೆ ತಿಳಿಹೇಳಲು ನೋಡಿದ. “ಅವ್ವಾ, ಅಲ್ಲಿ ಯಾರೂ ಇಲ್ಲ, ಬರೇ ಕಲ್ಲೈತಿ,” ಎಂದ. “ಹಂಗಾದ್ರ ತುಳಿ ಮಗನ, ನೋಡೂಣು,” ಎಂದಳು ಆಯಿ. ಅಪ್ಪ ಕಾಲು ಮುಂದಿಟ್ಟ. ಇಡಲಾಗಲಿಲ್ಲ. ಸುತ್ತಿ ಹೊರಗೆ ಹೋಗಿ ಬೀಡಿ ಹಚ್ಚಿದ.

ವ್ಯಾಪಾರದಲ್ಲಿ ಇಷ್ಟು ವರ್ಷ ತಿರುಗಿ ನಾನು ಕಂಡುಕೊಂಡದ್ದೊಂದಿದೆ, ಬೇಕಾದವರು ತಗೊಳ್ಳಿ. ಎದುರಿನವರು ಹಿಡಿದು ಕೂತ ಮಾತನ್ನು ಸುಳ್ಳು ಎನ್ನಬೇಡಿ. ಹಾಗೆಂದಷ್ಟೂ ಅವರ ಮುಷ್ಟಿ ಬಿಗಿಯಾಗುತ್ತದೆ. ಹೌದು ಎಂದು ಒಪ್ಪಿಕೊಳ್ಳಿ, ಅಲ್ಲಿಂದ ಮಾತು ಶುರುಮಾಡಿ. ಅಂದು ಲಂಗ ತೊಟ್ಟ ಹುಡುಗಿಗೆ ಇದೆಲ್ಲ ತಿಳಿದಿತ್ತು ಎಂದಲ್ಲ. ಕಾಕು ಹೀಗೆಯೇ ಇದ್ದರೆ ಆ ಕಲ್ಲಿನ ಪಕ್ಕದಲ್ಲಿ ಅವಳೂ ಒಂದು ದಿನ ಏಳುವುದಿಲ್ಲ ಎಂಬುದಷ್ಟೇ ನನ್ನ ಹೆದರಿಕೆ. ರಾಮಣ್ಣ ಮೂರನೆಯ ಸಲ ಬಂದು ಹೊಸ್ತಿಲ ಹೊರಗೆ ಚೀಲ ಹಿಡಿದು ಕೂತಿದ್ದ. ಲೈಟ್ ಸುಟ್ಟಿಯ ದಿನ. ನಾನು ಕಾಂಡಿಗಳ ಡಬ್ಬಿ ಸುರಿದೆ.

“ಆಯಿ, ಕಾಕಾ ಇಲ್ಲೇ ಅದಾನಂತಿ, ಹೌದಿಲ್ಲ?”

“ಹೌದು.”

“ಹಂಗಾದ್ರ ಎತ್ತೂಣು. ಕಾಯಿದಿ ಐತೆಲ್ಲ. ಹೊಸ್ತಲಾ ಮುಟ್ಟಿಸಿದ್ರ ಕಲ್ಲು ಖುಲ್ಲಾ. ಕಲ್ಲು ಖುಲ್ಲಾ ಆದ್ರ ಕಾಕು ಹೋಗಬೇಕು. ಒಪ್ಪಿಗೀನ?”

ಅವ್ವ ನನ್ನ ತಲೆಗೊಂದು ಬಿಡಲು ಬಂದಳು. ಆಯಿ ಕೈ ಎತ್ತಿ ತಡೆದಳು.

“ಹಾಕು ಕವಡಿ,” ಎಂದಳು.

ನೂಲಿಲ್ಲದ ಒಂದು ಬರಿಯ ಕಾಂಡಿಯನ್ನು ಆ ಕಲ್ಲಿನ ಮೇಲೆ ಅಡ್ಡ ಮಲಗಿಸಿದೆ. ಕೋಣೆಯಲ್ಲಿದ್ದ ಎಲ್ಲರೂ ಉಸಿರು ಹಿಡಿದದ್ದು ನನಗೆ ಕೇಳಿಸಿತು. ಕೆಂಪು ನೂಲಿನ ಸವಾರನನ್ನು ಒಲೆಯ ಹತ್ತಿರ ನಿಲ್ಲಿಸಿ ಕವಡೆಗಳನ್ನು ಕಾಕುವಿನ ಕೈಗೆ ಕೊಟ್ಟೆ. ಅವಳು ಬೇಡವೆನ್ನಲಿಲ್ಲ. ಹಾಕಿದಳು, ನಡೆಸಿದಳು, ಹಾಕಿದಳು, ನಡೆಸಿದಳು. ಕತೆ ಹೇಳುವವನಿರಲಿಲ್ಲ. ಕವಡೆ ನೆಲಕ್ಕೆ ಬೀಳುವ ಸದ್ದೊಂದೇ. ಸವಾರ ಆ ಕಲ್ಲಿನ ಪಕ್ಕದ ಮನೆಗೆ ಬಂದು ಮುಟ್ಟಿದ. “ಕುದುರಿ ಇಳೀಬೇಕು ಕಾಕು,” ಎಂದ ಮಾದೇವ ಮೆಲ್ಲಗೆ. ಅವಳ ಕೈ ಅಲ್ಲೇ ನಿಂತಿತು.

“ನಾ ಸುತ್ತ ಹಾಕಿ ಹ್ವಾದೆ,” ಎಂದಳು. ಎಷ್ಟೋ ದಿನದ ಮೇಲೆ ಅವಳ ದನಿ ಕೇಳಿದ್ದು. “ಹಿಟ್ಟಿನ ಪರಾತ ಹಿಡಕೊಂಡು ಹ್ವಾದೆ. ಹೊಳ್ಳಿ ಬರೂವಾಗೂ ಸುತ್ತ ಹಾಕಿ ಬಂದೆ. ಭಾಳ ದಣದಾರ, ಮಲಗಲಿ ಅಂತ ಸೀರಿ ಎತ್ತಿ ಹಿಡಕೊಂಡೆ, ಸಪ್ಪಳಾ ಆಗಬಾರದಂತ. ಮಾರಿ ನೋಡಲಿಲ್ರಿ ಅತ್ತಿ. ಮಾರಿ ಸೈತ ನೋಡಲಿಲ್ಲ.”

ಅವ್ವ ಕಣ್ಣೊರೆಸಿಕೊಂಡಳು. ಹೊರಗೆ ರಾಮಣ್ಣ ಚೀಲದ ಹಿಡಿಕೆಯನ್ನು ತಿರುವುತ್ತಿದ್ದ. ಆಯಿ ಜಪಮಣಿಯನ್ನು ಮಡಿಲಲ್ಲಿ ಇಟ್ಟಳು.

“ನಿನಗಿಂತ ಮೊದಲ ನಾ ಹ್ವಾದೆ,” ಎಂದಳು.

ಕಾಕು ತಲೆ ಎತ್ತಿದಳು.

“ನೀ ಹೊರಗ ನೀರಿಗಿ ಹೋಗಿದ್ದಿ. ನಾ ನೀರ ಕುಡ್ಯಾಕಂತ ಎದ್ದೆ. ಅವನ ಕೈ ಹಿಂಗ, ದಾರ್ಯಾಗ ಬಿದ್ದಿತ್ತು. ಬೆರಳು ಹಿಂಗ ಬಿಚ್ಚಿದ್ವು. ಎತ್ತಿ ಎದಿಮ್ಯಾಲ ಇಡೂಣಂತ ಬಗ್ಗಿದೆ ಬೇ. ಸಣ್ಣಾಂವ ಇದ್ದಾಗಿಂದ ಅವಂದು ಭಾಳ ಹಗೂರ ನಿದ್ದಿ. ಮುಟ್ಟಿದ್ರ ಎಚ್ಚರಾಗತಾನ, ಬ್ಯಾಡ ಅಂತ… ಬಿಟ್ಟು ಸುತ್ತಿ ಹ್ವಾದೆ. ನಾ ಹಡದಾಕಿ.” ಅವಳು ತನ್ನ ಅಂಗೈ ನೋಡಿಕೊಂಡಳು. “ಮುಟ್ಟಿದ್ರ ಬೆಚ್ಚಗಿತ್ತೋ ತಣ್ಣಗಿತ್ತೋ, ಅದಾರ ಗೊತ್ತಾಗತಿತ್ತು. ನಿನ್ನ ಮ್ಯಾಲ ಹಾಕಿದೆ. ಹಾಕಿ ಬದಕಿದೆ ಇಷ್ಟ್ ದಿನಾ.”

ಕಾಕು ಆಯಿಯ ಹತ್ತಿರ ಹೋಗಲಿಲ್ಲ, ಅಪ್ಪಿಕೊಳ್ಳಲೂ ಇಲ್ಲ. ನಮ್ಮ ಮನೆಯಲ್ಲಿ ಆ ರೂಢಿ ಇರಲಿಲ್ಲ. ಅವಳು ಕವಡೆಗಳನ್ನು ಆಯಿಯ ಮುಂದೆ ಸರಿಸಿದಳು, ಅಷ್ಟೇ. ಆಯಿ ನನ್ನ ಕಡೆ ಕೈ ಚಾಚಿದಳು.

“ನನಗೊಂದು ಕಾಂಡಿ ಕೊಡು.”

ಅವಳು ಎಂದೂ ಆಡಿದವಳಲ್ಲ. ನೂಲು ಹುಡುಕಲು ಹೊತ್ತಿರಲಿಲ್ಲ, ತನ್ನ ಸೆರಗಿನ ಅಂಚಿನಿಂದಲೇ ಒಂದೆಳೆ ಕಿತ್ತು ಸುತ್ತಿದಳು. ಮೊಣಕಾಲೂರಿ, ಏದುಸಿರು ಬಿಡುತ್ತ ಬಂದು, ಬಿದ್ದ ಕಾಂಡಿಯ ಇನ್ನೊಂದು ಪಕ್ಕಕ್ಕೆ ತನ್ನದನ್ನು ನಿಲ್ಲಿಸಿದಳು. ಇಬ್ಬರು ಎತ್ತುವುದಕ್ಕೆ ಕಾಕಾನ ಕಾಯಿದೆಯಲ್ಲಿ ದಾರಿಯೇ ಇರಲಿಲ್ಲ. ಮಾದೇವ ಅರ್ಧ ನಡಿಗೆ ಎಂದ. ನಾನು ಗದರಿಸಿದೆ. ಇಬ್ಬರು ಹೊತ್ತರೆ ಪೂರ್ತಿ ನಡಿಗೆ, ಎರಡು ಅರ್ಧ ಸೇರಿದರೆ ಒಂದು ಎಂದೆ. ನನ್ನ ಜೀವನದಲ್ಲಿ ಮಾಡಿದ ವ್ಯಾಪಾರದಲ್ಲೆಲ್ಲ ಅದು ಅತಿ ಒಳ್ಳೆಯ ವ್ಯಾಪಾರ. ಅತ್ತೆಯ ಬೆರಳು, ಸೊಸೆಯ ಬೆರಳು ಸೇರಿ ಆ ಬರಿಯ ಕಾಂಡಿಯನ್ನು ಎತ್ತಿದವು. ಕಲ್ಲಿನಿಂದ ಕಲ್ಲಿಗೆ ತಡೆತಡೆದು ನಡೆಸಿದವು. ಹೊಸ್ತಿಲು ಮುಟ್ಟಿದಾಗ ರಾಮಣ್ಣ ಚಪ್ಪಲಿ ಬಿಟ್ಟು ಎದ್ದು ನಿಂತಿದ್ದ, ನಿಜವಾಗಿಯೂ ಹೆಣ ಹಾಯುತ್ತಿರುವಂತೆ ತಲೆ ಬಗ್ಗಿಸಿದ್ದ.

ನಡುವಿನ ಫರ್ಸಿ ಖಾಲಿಯಾಗಿತ್ತು. ಆದರೂ ಯಾರೂ ತುಳಿಯಲಿಲ್ಲ. ಎಲ್ಲರೂ ಗೋಡೆಗೆ ಅಂಟಿಕೊಂಡು ನಿಂತಿದ್ದೆವು.

“ನೀ ಮೊದಲ,” ಎಂದಳು ಆಯಿ.

ಕಾಕು ಒಲೆಯ ಕಡೆಯಿಂದ ತನ್ನ ಗಂಟು ಹಿಡಿದು ಬಂದಳು. ಕಲ್ಲಿನ ಅಂಚಿಗೆ ಬಂದು ನಿಂತು ಬಲಗಾಲು ಇಟ್ಟಳು, ಆಮೇಲೆ ಎಡಗಾಲು. ಅಷ್ಟು ಕಾಲ ಬರಿಗಾಲು ಸೋಕದೆ ಆ ಕಲ್ಲು ತಣ್ಣಗೆ ಕೊರೆಯುತ್ತಿದ್ದಿರಬೇಕು, ಅವಳ ಮೈ ಜುಮ್ಮೆಂದದ್ದು ನನಗೆ ಕಂಡಿತು. ನೇರವಾಗಿ ನಡೆದು ಹೊರಗೆ ಹೋದಳು. “ಹೊಳ್ಳಿ ನೋಡಬ್ಯಾಡ,” ಎಂದು ಆಯಿ ಹಿಂದಿನಿಂದ ಕೂಗಿದಳು. ಕಾಕು ನೋಡಲಿಲ್ಲ. ಅಣ್ಣ ತಂಗಿ ಗಡಹಿಂಗ್ಲಜದ ಎಸ್.ಟಿ. ಬಸ್ಸು ಹಿಡಿಯಲು ಸ್ಟ್ಯಾಂಡಿನ ಕಡೆ ಹೋದರು. ಅವಳು ಹೊಲಿಗೆ ಕಲಿತಳು, ತನ್ನ ಕಾಲ ಮೇಲೆ ನಿಂತಳು, ನಾನು ವ್ಯಾಪಾರ ಶುರುಮಾಡಿದಾಗ ನನ್ನ ಮೊದಲ ಗಿರಾಕಿಯೂ ಅವಳೇ ಆದಳು.

ಅವಳು ಓಣಿ ತಿರುಗುವವರೆಗೂ ಆಯಿ ಬಾಗಿಲಲ್ಲಿ ನಿಂತಿದ್ದಳು. ಒಳಗೆ ಬಂದವಳೇ ತನ್ನ ಕಂಬಳಿಯನ್ನು ಆ ಫರ್ಸಿಯ ಮೇಲೆ ಹಾಸಿ, ಮುಸುಕು ಹಾಕಿಕೊಂಡು ಮಲಗಿಬಿಟ್ಟಳು. ಅಂದಿನಿಂದ ಅದು ಅವಳ ಜಾಗ. ಅವ್ವ ಆ ಇಳಿಹೊತ್ತು ಚಹಾ ಮಾಡಿ, ಬಟ್ಟಲು ಹಿಡಿದು, ರೂಢಿಯಂತೆ ತಲೆಯ ಕಡೆಯಿಂದ ಬಳಸಲು ಹೊರಟವಳು ತಟ್ಟನೆ ನಿಂತಳು. ಬಗ್ಗಿದಳು. ಇಪ್ಪತ್ತು ಮಗ್ಗಗಳ ನಡುವೆ ದುಡಿದು ಬಂದವರನ್ನೂ ಎಬ್ಬಿಸದ ಮನೆಯಲ್ಲಿ, ಮಲಗಿದ ಮುದುಕಿಯ ಭುಜಕ್ಕೆ ಕೈ ಇಟ್ಟು ಅಲುಗಿಸಿದಳು.

“ಅತ್ತಿ. ಅತ್ತೀ. ಅದೀರೇನ್ರಿ?”

ಕಂಬಳಿಯೊಳಗಿನಿಂದ ಉತ್ತರ ಬರುವವರೆಗೆ ನಾವು ಯಾರೂ ಕಾಲು ಕದಲಿಸಲಿಲ್ಲ. ಅವಳು ಇದ್ದಷ್ಟು ವರ್ಷವೂ ಹಾಗೆಯೇ ನಡೆಯಿತು. ಆ ದಾರಿಯಲ್ಲಿ ಹಾಯುವವರು ನಿಂತು, ಬಗ್ಗಿ, ಮುಟ್ಟಿ, ಕೇಳಿ, ಆಮೇಲೆ ಹೋಗಬೇಕು. ಅವಳು ಸಿಡುಕುತ್ತಿದ್ದಳು, ಆದರೆ ಒಮ್ಮೆಯೂ ಕೇಳಬೇಡಿ ಎನ್ನಲಿಲ್ಲ.

“ಅದೇನಿ ಬೇ, ಅದೇನಿ. ಹೋಗ್ರಿ ಮುಂದ.”